ಕಾವೇರಿಯ ನಡುಗಡ್ಡೆಗೆ

ದ್ವೀಪವೆಂದೊಡನೆ ಕ್ರಿಕೆಟ್ ಪ್ರಿಯರ ಮನಸ್ಸು ವೆಸ್ಟ್ ಇಂಡೀಸಿಗೆ ಹಾರುತ್ತದೆ. ಹಾರಲಿ, ಮಳವಳ್ಳಿಯಲ್ಲಿ ಬಸ್ಸಿಳಿದವರಿಗೂ ಸಮೀಪದಲ್ಲಿಯೇ ಒಂದು ದ್ವೀಪವುಂಟು. ಕಾವೇರಿಯು ಕವಲೊಡೆದು ಶಿವನಸಮುದ್ರವನ್ನು ಬಳಸಿ, ಪಶ್ಚಿಮದಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ.

ನಮ್ಮವರಲ್ಲಿ ಅನೇಕರು ಮಳವಳ್ಳಿಯ ಕಡೆಯ ದಡದಿಂದಲೇ ಗಗನಚುಕ್ಕಿಯನ್ನು ನೋಡಿ, ಚಿತ್ರಾನ್ನದ ಬುತ್ತಿ ಬಿಚ್ಚಿ ಉಂಡು, ಹಿಂದಿರುಗಿಬಿಡುತ್ತಾರೆ. ದ್ವೀಪಕ್ಕೆ ಕಾಲಿಡುವುದೇ ಇಲ್ಲ! ಸತ್ತೇಗಾಲದ ಕಡೆಯಿಂದ ಸೇತುವೆ ದಾಟಿದರೆ ಮಧ್ಯರಂಗನ ಗುಡಿ. ಆದಿರಂಗ ಶ್ರೀರಂಗಪಟ್ಟಣ, ಅಂತ್ಯರಂಗ ತಮಿಳುನಾಡಿನ ಶ್ರೀರಂಗ. ಮೂರೂ ಕಾವೇರಿಯ ದ್ವೀಪಗಳೇ. ಭರಚುಕ್ಕಿಯನ್ನೂ ನೋಡಬೇಕಾದರೆ ಇಡೀ ದಿನವನ್ನು ಮೀಸಲಿಡಿ.

ಜುಲೈಯಿಂದ ಅಕ್ಟೋಬರಿನೊಳಗೆ ಹೊರಡುವುದು ಲೇಸು. ಶಾಲೆಗೆ ರಜೆಯೆಂದು ಮೇ ತಿಂಗಳಲ್ಲಿ ಹೋದವರಿಗೆ ಬಂಡೆಗಳ ದರ್ಶನವೇ ಹೆಚ್ಚು; ಇದ್ದ ನೀರಿನ ಬಹುಭಾಗ ವಿದ್ಯುದಾಗಾರದ ಪಾಲಾಗಿರುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತನ್ನು ಕಳುಹಿಸಿದ ಆಗಾರವದು.

ಮಕ್ಕಳೊಡನೆ ಹೋಗುವವರು ಇಷ್ಟನ್ನು ಮರೆಯಬಾರದು: ಮೇಲಣ ಅಣೆಕಟ್ಟುಗಳಿಂದ ನೀರು ಬಿಟ್ಟಾಗ, ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಏರುತ್ತದೆ. ಬಂಡೆಗಳ ನಡುವೆ ಇಳಿದು ಮೀಯುವುದು ಸಲ್ಲದು. ಸ್ನಾನವನ್ನು ಮನೆಯಲ್ಲಿಯೇ ಮುಗಿಸಿಕೊಂಡು ಹೊರಡಿ.