ಗುಮ್ಮಟ ನಗರಿಯಲ್ಲಿ ಹಿತವಾದ ಊಟ

ಉಣ್ಣುವ ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಪರಂಪರೆ ನಮ್ಮದು. ಪ್ರಸಾದವೆಂದ ಮೇಲೆ ಅದು ಶುಚಿಯಾಗಿರಬೇಕು, ಮಿತವಾಗಿರಬೇಕು, ದೇಹಕ್ಕೆ ಹಿತವಾಗಿರಬೇಕು. ಮನೆಯಲ್ಲಿರುವಾಗ ಈ ನಿಯಮವನ್ನು ಪಾಲಿಸುವುದು ಕಷ್ಟವಲ್ಲ. ಮನೆ ಬಿಟ್ಟು ಹೊರಟಾಗಲೇ ಅದರ ಪರೀಕ್ಷೆ. ಬಸವನ ಬಾಗೇವಾಡಿ, ಕೂಡಲಸಂಗಮಗಳ ದರ್ಶನಕ್ಕೆ ಹೊರಡುವ ಕುಟುಂಬಗಳು ಒಂದು ದಿನ ವಿಜಯಪುರದಲ್ಲಿ ಇಳಿಯುವುದುಂಟು. ಬಾಗೇವಾಡಿ ಅಲ್ಲಿಂದ ಸುಮಾರು 43 ಕಿ.ಮೀ. ದೂರದಲ್ಲಿದೆ. ಆದ್ದರಿಂದ ಈ ಸಲ ಆ ಐತಿಹಾಸಿಕ ನಗರದಲ್ಲಿ ಎಲ್ಲಿ, ಹೇಗೆ ಉಣ್ಣಬೇಕೆಂಬ ವಿಚಾರವನ್ನು ಓದುಗರ ಮುಂದಿಡುತ್ತಿದ್ದೇವೆ.

ಊರು ನೋಡುವ ಉತ್ಸಾಹದಲ್ಲಿ ಮೊದಲು ಮರೆತುಹೋಗುವುದು ಊಟದ ಹೊತ್ತು. ಗೋಳಗುಮ್ಮಟದ ಮಿನಾರಿನೊಳಗಿನ ಮೆಟ್ಟಿಲುಗಳನ್ನು ಹತ್ತಿ, ಪಿಸುಮಾತಿನ ಮೊಗಸಾಲೆಯಲ್ಲಿ ಮಕ್ಕಳು ಕೂಗಿ ನಲಿದು ಕೆಳಗಿಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಇಬ್ರಾಹಿಂ ರೋಜಾ, ಬಾರಾಕಮಾನ್, ಮಲಿಕ್-ಎ-ಮೈದಾನ್ ತೋಪು ಇನ್ನೂ ಉಳಿದಿರುತ್ತವೆ. ‘ಎಲ್ಲ ನೋಡಿ ಆಮೇಲೆ ಉಂಡರಾಯಿತು’ ಎಂದು ಹೊರಟವರು ಮೂರು ಗಂಟೆಗೆ ಎದುರಿಗೆ ಸಿಕ್ಕ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿನ್ನುತ್ತಾರೆ. ಹರೆಯದವರು ಇದನ್ನು ಹೇಗೋ ಅರಗಿಸಿಕೊಂಡಾರು. ಆದರೆ ಸಕ್ಕರೆ ಕಾಯಿಲೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡ ಹಿರಿಯರಿಗೆ ಊಟ ತಡವಾಗುವುದು ಅಪಾಯಕರ. ರಕ್ತದಲ್ಲಿನ ಸಕ್ಕರೆ ಇಳಿದು ಬೆವರು, ಕೈನಡುಕ, ತಲೆಸುತ್ತು ಕಾಣಿಸಿಕೊಳ್ಳಬಹುದು, ಪ್ರಜ್ಞೆಯೂ ತಪ್ಪಬಹುದು. ಅಂಥವರ ಚೀಲದಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲೇಬೇಕು. ಎಲ್ಲಿ ಉಣ್ಣಬೇಕೆಂಬುದಕ್ಕಿಂತ ಮೊದಲು ಎಷ್ಟು ಹೊತ್ತಿಗೆ ಉಣ್ಣಬೇಕೆಂಬುದನ್ನು ನಿಶ್ಚಯಿಸಿ ಹೊರಡುವುದು ಲೇಸು.

ಇನ್ನು ಸ್ಥಳದ ಮಾತು. ಈ ವಿಷಯದಲ್ಲಿ ವಿಜಯಪುರ ಭಾಗ್ಯವಂತ ನಗರ. ಉತ್ತರ ಕರ್ನಾಟಕದ ಖಾನಾವಳಿ ಪದ್ಧತಿ ಅಲ್ಲಿ ಇನ್ನೂ ಜೀವಂತವಾಗಿದೆ. ‘ಲಿಂಗಾಯತ ಖಾನಾವಳಿ’ ಎಂಬ ಫಲಕವಿದ್ದರೆ ಅಲ್ಲಿ ಶಾಕಾಹಾರವೇ ದೊರೆಯುತ್ತದೆಂಬುದು ಆ ಸೀಮೆಯ ಜನರೆಲ್ಲ ಬಲ್ಲ ಸಂಗತಿ. ಹೊರನೋಟಕ್ಕೆ ಇವು ಸಾಮಾನ್ಯವಾಗಿ ಕಾಣಬಹುದು. ಮೆತ್ತನೆಯ ಆಸನವಾಗಲಿ ಬಣ್ಣದ ದೀಪವಾಗಲಿ ಇರಲಾರವು. ಆದರೆ ಒಳಗೆ ತಾಯಂದಿರು ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿದ್ದರೆ ನಿಶ್ಚಿಂತೆಯಿಂದ ಒಳಗೆ ಹೆಜ್ಜೆಯಿಡಬಹುದು.

ಜೋಳದ ರೊಟ್ಟಿ, ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿ, ಹಸಿ ಮೆಂತ್ಯೆಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಮೊಸರು: ಈ ತಾಟನ್ನು ಆಹಾರ ತಜ್ಞರು ಕುಳಿತು ರೂಪಿಸಿದಂತಿದೆ. ಕಾಳಿನಲ್ಲಿ ಪ್ರೋಟೀನು, ರೊಟ್ಟಿ ಮತ್ತು ಸೊಪ್ಪಿನಲ್ಲಿ ನಾರು, ಮೊಸರಿನಲ್ಲಿ ಸುಣ್ಣದ ಅಂಶ ದೊರೆಯುತ್ತವೆ. ಹಿಂಗಾರಿ ಬಿಳಿಜೋಳ ಆ ನೆಲದ ಬೆಳೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಜಗತ್ತು ಅತ್ತ ತಿರುಗಿ ನೋಡಿತು. ನಮ್ಮ ಖಾನಾವಳಿಗಳು ಅದನ್ನು ಎಂದೂ ಬಿಟ್ಟಿರಲಿಲ್ಲ.

ಆದರೂ ಮಿತಿ ಬೇಕು. ಜೋಳವೂ ಪಿಷ್ಟವೇ, ಸಕ್ಕರೆ ಕಾಯಿಲೆಯವರು ರೊಟ್ಟಿಯ ಲೆಕ್ಕ ತಪ್ಪಬಾರದು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ತಾಟಿನ ಅಂಚಿಗೆ ಸರಿಸಬಹುದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವುಳ್ಳವರು ಉಪ್ಪಿನಕಾಯಿ, ಹಪ್ಪಳಗಳನ್ನು ಬೇಡವೆಂದರೆ ಬಡಿಸುವವರು ಬೇಸರಿಸುವುದಿಲ್ಲ. ಮಳೆಗಾಲದಲ್ಲಿ ಹಸಿ ಸೊಪ್ಪನ್ನು ಬಿಟ್ಟು, ಬೆಂದದ್ದನ್ನೇ ಉಣ್ಣುವುದು ಕ್ಷೇಮ. ಕುಡಿಯುವ ನೀರನ್ನು ಮನೆಯಿಂದ ಒಯ್ಯಿರಿ. ಮಜ್ಜಿಗೆ ಒಳ್ಳೆಯದು, ಆದರೆ ಬರ್ಫ ಹಾಕದೆ ಕೊಡಲು ಹೇಳಿರಿ.

ಎಲ್ಲ ಖಾನಾವಳಿಗಳೂ ಒಂದೇ ಸಮನಲ್ಲ. ಕೂಡುವ ಮುನ್ನ ಒಂದು ಸಲ ಸುತ್ತ ಕಣ್ಣಾಡಿಸುವುದು ಗೃಹಿಣಿಯರಿಗೆ ಹೊಸದೇನಲ್ಲ. ಕೈತೊಳೆಯುವ ಜಾಗ, ತಾಟು ತೊಳೆಯುವ ನೀರು, ಮುಚ್ಚಿಟ್ಟ ಪಾತ್ರೆ ಇವನ್ನು ನೋಡಿದರೆ ಅಡುಗೆಮನೆಯ ಸ್ಥಿತಿ ತಿಳಿಯುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಪಡೆದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಾಣುವಂತಿರಬೇಕು. ಸ್ಥಳೀಯ ಜನ, ಅದರಲ್ಲೂ ಹೆಣ್ಣುಮಕ್ಕಳು ಮಕ್ಕಳೊಡನೆ ಬಂದು ಉಣ್ಣುವ ಸ್ಥಳ ಬಹುಮಟ್ಟಿಗೆ ನಂಬಿಕೆಗೆ ಅರ್ಹ. ಗಿರಾಕಿ ಹೆಚ್ಚಿದ್ದಲ್ಲಿ ಅಡುಗೆ ಹಳಸಲು ಅವಕಾಶ ಕಡಿಮೆ. ಕಪ್ಪಾಗಿ ಹೊಗೆಯಾಡುವ ಎಣ್ಣೆಯಲ್ಲಿ ಕರಿದದ್ದನ್ನೂ, ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟದ್ದನ್ನೂ ಮಕ್ಕಳ ಕೈಗೆ ಕೊಡಬಾರದು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ. ಕೆಂಪಗೆ ಹೊಳೆಯುವುದನ್ನು ಕಂಡರೆ ದೂರ ಸರಿಯುವುದೇ ಜಾಣತನ.

ಮರುದಿನದ ಪ್ರಯಾಣಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಕಟ್ಟಿಸಿಕೊಂಡರೆ ದಾರಿಯ ಚಿಂತೆ ಅರ್ಧ ಕಳೆದಂತೆ. ನೀರಿನ ಪಸೆ ತಾಗದಂತಿಟ್ಟರೆ ಅವು ಹಲವು ದಿನ ಕೆಡುವುದಿಲ್ಲ. ಜೊತೆಗೆ ಬಾಳೆಹಣ್ಣು, ಪೇರಲ ಇದ್ದರೆ ಮಕ್ಕಳು ಪೊಟ್ಟಣದ ತಿಂಡಿಗೆ ಹಟ ಹಿಡಿಯುವುದೂ ಕಡಿಮೆಯಾಗುತ್ತದೆ.

ಕೊನೆಯದಾಗಿ ಒಂದು ಮಾತು. ಸುಡುವ ಒಲೆಯ ಮುಂದೆ ಕುಳಿತು ನೂರಾರು ರೊಟ್ಟಿ ಬಡಿಯುವ ಆ ತಾಯಂದಿರದು ನಿಜವಾದ ಕಾಯಕ. ಎಷ್ಟು ಬೇಕಾದರೂ ಬಡಿಸುತ್ತಾರೆಂದು ಹಾಕಿಸಿಕೊಂಡು ತಾಟಿನಲ್ಲಿ ಬಿಟ್ಟೇಳುವುದು ಪ್ರಸಾದಕ್ಕೂ ಅವರ ದುಡಿಮೆಗೂ ಮಾಡುವ ಅಪಚಾರ. ಝಗಮಗಿಸುವ ಹೋಟೆಲುಗಳ ಆಕರ್ಷಣೆಗೆ ನಾವೆಲ್ಲರೂ ಬೆನ್ನು ಹತ್ತಿದರೆ ಈ ಒಲೆಗಳು ಒಂದೊಂದಾಗಿ ಆರುತ್ತವೆ. ಆಮೇಲೆ ನಮ್ಮ ಮೊಮ್ಮಕ್ಕಳಿಗೆ ಗುಮ್ಮಟ ಕಾಣಿಸೀತು, ಬಿಸಿರೊಟ್ಟಿ ಕಾಣಿಸಲಾರದು. ಬೇಕಾದಷ್ಟೇ ನೀಡಿಸಿಕೊಂಡು, ತಾಟು ಬರಿದು ಮಾಡಿ, ಏಳುವಾಗ ‘ಊಟ ಹಿತವಾಯಿತವ್ವಾ, ಶರಣು’ ಎಂದು ಹೇಳಿ ಬನ್ನಿರಿ.