ಬಿಲ್ಲೆ ಚಂದ ಇರಲಿ, ರೊಕ್ಕ ದೂರ ಇರಲಿ

ದೀಪಾವಳಿ ಬಂತಂದ್ರ ನಮ್ಮ ತೊರವಿ ಕಡೆ ಪಡಸಾಲಿಯೊಳಗ ಇಸ್ಪೀಟಿನ ಕಟ್ಟು ಹೊರಗ ಬರೂದು ಹೊಸದೇನಲ್ಲ. ಬಲಿಪಾಡ್ಯಮಿಗೆ ದ್ಯೂತ ಪ್ರತಿಪದೆ ಎಂಬ ಹೆಸರೇ ಇದೆ. ಹೊಸದು ಏನಂದ್ರ, ಕಟ್ಟಿನ ಜೊತೆ ಬರುವ ಬಣ್ಣಬಣ್ಣದ ಬಿಲ್ಲೆಗಳ ಡಬ್ಬಿ. ಹುಡುಗರು ಇವಕ್ಕ ಚಿಪ್ಸ್ ಅಂತಾರ. ಅಜ್ಜಿ ಕೇಳಿದ್ರ "ನನಗೂ ಎರಡು ಕೊಡ್ರಿ, ಮೆತ್ತಗ ಇದ್ರ ತಿಂತೀನಿ" ಅನ್ನಬೇಕು!

ಲೆಕ್ಕಕ್ಕೆ ಏನಾದರೊಂದು ಬೇಕೇ ಬೇಕು. ಅಳಗುಳಿಮಣೆಗೆ ಹುಣಸೆಬೀಜ, ಗುಲಗಂಜಿ ಸಾಕಾಗಿತ್ತು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರು ಚೀನಾದಿಂದ ಮುತ್ತಿನ ಚಿಪ್ಪಿನ ಬಿಲ್ಲೆ ಕೆತ್ತಿಸಿ ತರಿಸುತ್ತಿದ್ದರು, ಅದರ ಮೇಲೆ ಮನೆತನದ ಲಾಂಛನ ಬೇರೆ. ಆಮೇಲೆ ಎಲುಬು, ದಂತ, ಮಣ್ಣಿನವು ಬಂದವು. ಈಗ ಪ್ಲಾಸ್ಟಿಕ್. ಕೈಗೆ ಭಾರ ಹತ್ತಲಿ ಅಂತ ಕೆಲವದರ ಒಳಗ ಲೋಹದ ತುಣುಕು ಇಟ್ಟಿರತಾರ.

ಚಂದ ಇದ್ದದ್ದೇನೋ ಖರೆ. ಆದರೆ ನಮ್ಮ ವಿಜಯಪುರದವರಿಗೆ ಒಂದು ಮಾತು ನೆನಪಿರಬೇಕು. ಆದಿಲಶಾಹಿ ಕಾಲದಲ್ಲಿ ಇಲ್ಲಿ ಲಾರಿ ಎಂಬ ನಾಣ್ಯ ಇತ್ತು. ದುಂಡಗೂ ಇಲ್ಲ, ಚಪ್ಪಟೆಯೂ ಇಲ್ಲ; ಬೆಳ್ಳಿಯ ತಂತಿಯನ್ನು ತಲೆಪಿನ್ನಿನಂಗ ಮಡಚಿ ಅಕ್ಷರ ಒತ್ತಿದ್ದು. ನಾಣ್ಯದ ರೂಪ ಹ್ಯಾಂಗರೆ ಇರಲಿ, ತಗೊಳ್ಳುವವರು ಒಪ್ಪಿದರ ಅದೇ ರೊಕ್ಕ. ಬಿಲ್ಲೆಗೂ ಇದೇ ಮಾತು. ಆಟ ಮುಗಿದ ಮೇಲೆ ಒಂದಕ್ಕೆ ಹತ್ತು ರೂಪಾಯಿ ಅಂತ ಎಣಿಸಿ ಕೊಟ್ಟರೆ ಅದು ಆಟಿಗೆ ಸಾಮಾನು ಅಲ್ಲ, ಪಣ. ಆನ್‌ಲೈನ್ ಹಣದಾಟ ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯೂ ಹಣಕ್ಕೆ ಸಮನಾದ ನಾಣ್ಯ, ಟೋಕನ್‌ಗಳನ್ನು ಪಣದ ಲೆಕ್ಕಕ್ಕೇ ಸೇರಿಸಿದೆ.

ಅಂಜಿಕೆ ಇರೂದು ಇಲ್ಲೇ. ಐನೂರರ ನೋಟು ಕೈಬಿಡುವಾಗ ಮನಸ್ಸು ತಡಿತೈತಿ: ವಾರದ ಸಂತಿ, ಹುಡುಗನ ಫೀ ಕಣ್ಣ ಮುಂದ ಬರತಾವ. ಕೆಂಪು ಬಿಲ್ಲೆ ತಳ್ಳುವಾಗ ಏನೂ ಅನಿಸೂದಿಲ್ಲ. ದ್ರಾಕ್ಷಿ ಮಾರಿದ ರೊಕ್ಕ ಹೀಂಗ ಬಣ್ಣ ಬಣ್ಣ ಆಗಿ ಕರಗಿದರ, ಮುಂದಿನ ಔಷಧದ ಸಾಲ ಯಾರು ತೀರಸ್ತಾರ?

ಹಂಗಂತ ಡಬ್ಬಿ ಬಿಸಾಕಬ್ಯಾಡ್ರಿ. ಎಲ್ಲರಿಗೂ ಸರಿಸಮ ಹಂಚ್ರಿ. ಬಿಳಿದಕ್ಕೆ ಒಂದು, ಕೆಂಪಿಗೆ ಐದು, ನೀಲಿಗೆ ಹತ್ತು ಅಂಕ ಅಂತ ಮೊದಲೇ ಹೇಳ್ರಿ. ಖಾಲಿ ಆದವರು ಆ ಸುತ್ತಿಗೆ ಹೊರಗ. ಮತ್ತ ಕೊಳ್ಳೂದಿಲ್ಲ, ಸಾಲ ಇಲ್ಲ. ಸೋತವರು ಎಲ್ಲರಿಗೂ ಚಹಾ ಮಾಡಲಿ, ಗೆದ್ದವರು ಬಿಲ್ಲೆ ಎಣಿಸಿ ಡಬ್ಬಿಗೆ ತುಂಬಲಿ. ಸಣ್ಣ ಮಕ್ಕಳಿಗೆ ಕೂಡಿಸೂದು, ಕಳೆಯೂದು ತಾನಾಗೇ ಬರತೈತಿ; ಬಾಯಿಗೆ ಹಾಕುವ ವಯಸ್ಸಿನವರಿದ್ದರ ಮಾತ್ರ ದೂರ ಇಡ್ರಿ.

ಡಬ್ಬಿ ಮುಚ್ಚಿದಾಗ ಯಾರ ಕಿಸೆಯೂ ಹಗುರಾಗಿರಬಾರದು. ಅಷ್ಟಾದರ ಹಬ್ಬದ ಆಟ ಹಬ್ಬದಾಟವಾಗಿಯೇ ಉಳಿತೈತಿ.