ಕಾರ್ಡ್ ಅಂದ್ರೆ ಕಾರ್ಡ್ ಅಲ್ಲ ಭಾವ!

ಕ್ಯಾಮೆರಾ ಕೊಳ್ಳುವವರ ಒಂದು ಚಾಳಿ ನೋಡಿ ನೋಡಿ ಸಾಕಾಗಿದೆ. ಇವತ್ತು ಬೈದೇ ಬಿಡೋಣ ಅಂತ ಕೂತಿದ್ದೇನೆ. ಆರು ತಿಂಗಳು ಯೋಚಿಸ್ತಾರೆ, ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಾರೆ, ಯಾವ ಬಾಡಿ, ಯಾವ ಲೆನ್ಸು, ಟ್ರೈಪಾಡಿನ ಕಾಲು ಅಲ್ಯುಮಿನಿಯಮ್ಮೋ ಕಾರ್ಬನ್ನೋ ಅಂತ ರಾತ್ರಿ ನಿದ್ದೆಗೆಡ್ತಾರೆ. ಕೊನೆಗೆ ಬಿಲ್ ಹಾಕುವಾಗ ಅಂಗಡಿಯವನು "ಸಾರ್, ಮೆಮೊರಿ ಕಾರ್ಡು?" ಅಂದರೆ, "ಯಾವ್ದಾದ್ರೂ ಕೊಡಿ, ಜಾಸ್ತಿ ಜಿಬಿದು, ಕಡಿಮೆ ರೇಟಿಂದು" ಅಂತಾರೆ. ಸ್ವಾಮಿ, ನೀವು ತೆಗೆದ ಫೋಟೋ ಇರೋದು ಲೆನ್ಸಿನಲ್ಲಲ್ಲ, ಆ ಅಂಚೆಚೀಟಿಯಷ್ಟು ಪ್ಲಾಸ್ಟಿಕ್ ತುಂಡಿನಲ್ಲಿ!

ಇಷ್ಟು ಜೋರಾಗಿ ಹೇಳೋಕೆ ನನಗೆ ಅಧಿಕಾರ ಏನು ಅಂದರೆ, ನಾನೂ ಹಾಗೇ ಮಾಡಿ ಕೆಟ್ಟವನು.

2018ರಲ್ಲಿ ಊರಲ್ಲಿ ಅಜ್ಜಿಯ ಸಹಸ್ರಚಂದ್ರ ದರ್ಶನ ಶಾಂತಿ. ಮನೆ ತುಂಬ ಜನ. ಫೋಟೋಗ್ರಾಫರ್ ಬೇಡ, ನಾನಿದ್ದೀನಲ್ಲ ಅಂತ ನಾನೇ ಹೇಳಿದ್ದೆ. ಭಾವ ಆನ್‌ಲೈನಿನಲ್ಲಿ ಯಾರೋ ಮಾರುವವನಿಂದ ಅರ್ಧಕ್ಕಿಂತ ಕಡಿಮೆ ಬೆಲೆಗೆ ಎರಡು 128 ಜಿಬಿ ಕಾರ್ಡು ತರಿಸಿದ್ದರು. ಒಂದನ್ನು ನನ್ನ ಕೈಗಿಟ್ಟರು. "ಇಷ್ಟು ಅಗ್ಗ ಹೇಗೆ ಭಾವ?" ಅಂದೆ. "ಕಾರ್ಡ್ ಅಂದ್ರೆ ಕಾರ್ಡು ಮಾರಾಯ, ಅದ್ರಲ್ಲಿ ಎಂಥ ಇರ್ತದೆ" ಅಂದರು. ನಾನೂ ಸುಮ್ಮನಾದೆ.

ಬೆಳಿಗ್ಗೆ ಪೂರ್ತಿ ಹೋಮ, ಮಂಡಲ, ಬಂದವರ ನಗುಮುಖ ಅಂತ ತೆಗೆದೆ. ಅಜ್ಜಿ ಹೆಚ್ಚು ಹೊತ್ತು ಒಳಗೇ ಇದ್ದಳು. ಊಟ ಆದಮೇಲೆ ಜಗಲಿಗೆ ಬಂದು ಕೂತಳು, ಪಕ್ಕದಲ್ಲಿ ಅವಳ ತಂಗಿ. ಇಬ್ಬರೂ ಎಷ್ಟೋ ವರ್ಷದ ಮೇಲೆ ಒಟ್ಟಿಗೆ ಕೂತಿದ್ದು. ಮೊಮ್ಮಕ್ಕಳು, ಮರಿಮಕ್ಕಳು ಸುತ್ತ. ಕ್ಲಿಕ್ ಮಾಡಿದಾಗಲೆಲ್ಲ ಪರದೆ ಮೇಲೆ ಚಿತ್ರ ಚೆನ್ನಾಗೇ ಬರ್ತಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದರೆ, ಹೆಚ್ಚೂಕಡಿಮೆ ಮೊದಲ 450 ಫೋಟೋ ಸರಿ ಇವೆ. ಆಮೇಲಿನದ್ದಕ್ಕೆಲ್ಲ ಹೆಸರಿದೆ, ಫೈಲು ತೆರೆಯುತ್ತಿಲ್ಲ. ಅಜ್ಜಿ ಮರುವರ್ಷ ಹೋದಳು.

ಏನಾಗಿತ್ತು ಅಂದರೆ, ಅದು 16 ಜಿಬಿ ಕಾರ್ಡು. ಒಳಗಿರುವ ಕಂಟ್ರೋಲರ್ ಚಿಪ್ಪಿಗೆ 128 ಅಂತ ಸುಳ್ಳು ಹೇಳಲು ಕಲಿಸಿಟ್ಟಿದ್ದರು. ಕ್ಯಾಮೆರಾ ಪಾಪ, ಜಾಗ ಇದೆಯಾ ಅಂತ ಕೇಳುತ್ತೆ, ಕಾರ್ಡು ಇದೆ ಅನ್ನುತ್ತೆ. 16 ತುಂಬಿದ ಮೇಲೆ ಬಂದದ್ದನ್ನು ಸುಮ್ಮನೆ ಎಸೆಯುತ್ತೆ. ಕೆಲವು ಕಾರ್ಡುಗಳು ಇನ್ನೂ ಪಾಪಿಗಳು, ಮೊದಲಿನ ಫೋಟೋಗಳ ಮೇಲೇ ಬರೆದುಬಿಡುತ್ತವೆ. ಫೈಲುಗಳ ಪಟ್ಟಿ ಕಾರ್ಡಿನ ಶುರುವಿನಲ್ಲಿರುವುದರಿಂದ ಹೆಸರುಗಳು ಮಾತ್ರ ಉಳಿಯುತ್ತವೆ. ತೆಗೆದ ತಕ್ಷಣ ಪರದೆಯಲ್ಲಿ ಕಂಡ ಚಿತ್ರ ಕ್ಯಾಮೆರಾದ ಸ್ವಂತ ಮೆಮೊರಿಯದ್ದು, ಕಾರ್ಡಿನದ್ದಲ್ಲ. ಫೋಟೋರೆಕ್ ಅನ್ನುವ ಒಳ್ಳೇ ಉಚಿತ ತಂತ್ರಾಂಶ ಇದೆ, ಅಳಿಸಿದ ಫೋಟೋ ಎಷ್ಟೋ ಸಲ ವಾಪಸ್ ತಂದುಕೊಡುತ್ತೆ. ಆದರೆ ಬರೆಯದೇ ಇದ್ದದ್ದನ್ನು ಅದಾದರೂ ಎಲ್ಲಿಂದ ತರಬೇಕು?

ಇದನ್ನು ತಡೆಯೋದಕ್ಕೆ ಒಂದು ಪೈಸೆ ಖರ್ಚಿಲ್ಲ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಅಂತ ಪುಟ್ಟ ತಂತ್ರಾಂಶಗಳಿವೆ. ಕಾರ್ಡು ತುಂಬುವವರೆಗೂ ಬರೆದು, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ತಾಳೆ ನೋಡುತ್ತವೆ. 64 ಜಿಬಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಬಹುದು. ಖಾಲಿ ಕಾರ್ಡಿನಲ್ಲೇ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಾಡಿ. (64 ಜಿಬಿ ಕಾರ್ಡನ್ನು ವಿಂಡೋಸ್ 59.6 ಅಂತ ತೋರಿಸಿದರೆ ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದು ಮೋಸ ಅಲ್ಲ.)

ಈಗ ಅಸಲಿ ಕಾರ್ಡುಗಳ ವಿಷಯಕ್ಕೆ ಬರೋಣ. ಅವರೇನು ಸಾಚಾ ಅಂದುಕೊಂಡಿರಾ? ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 170, 200 ಎಂಬಿ ಪ್ರತಿ ಸೆಕೆಂಡಿಗೆ ಅಂತ ಇರುತ್ತೆ. ಅದು ಓದುವ ವೇಗ, ಅಂದರೆ ಕಂಪ್ಯೂಟರಿಗೆ ಕಾಪಿ ಮಾಡುವಾಗಿನದ್ದು. ಅದರಲ್ಲೂ "ವರೆಗೆ" ಅನ್ನುವ ಬಾಲ ಬೇರೆ. ಕ್ಯಾಮೆರಾಕ್ಕೆ ಬೇಕಾದದ್ದು ಬರೆಯುವ ವೇಗ. ಇನ್ನೂ ತಮಾಷೆ ಅಂದರೆ, ರೋಮನ್ ಒಂದು ಹಾಕಿದ ಯುಎಚ್‌ಎಸ್ ಕಾರ್ಡುಗಳಿಗೆ ಎಸ್‌ಡಿ ನಿಯಮದ ಪ್ರಕಾರ ಮಿತಿ ಇರೋದೇ 104 ಎಂಬಿ. 170 ಬರಬೇಕಾದರೆ ಅದಕ್ಕೆ ಹೊಂದುವ ರೀಡರ್ ಬೇರೆ ಬೇಕು. ನಿಮ್ಮ ಕ್ಯಾಮೆರಾದೊಳಗೆ ಆ ಅಂಕಿಗೆ ಮೂರು ಕಾಸಿನ ಬೆಲೆ ಇಲ್ಲ. ಹಿಂದೆ 133ಎಕ್ಸ್, 600ಎಕ್ಸ್ ಅಂತ ಬರೆಯುತ್ತಿದ್ದದ್ದು ನೆನಪಿದೆಯಾ? ಒಂದು ಎಕ್ಸ್ ಅಂದರೆ 150 ಕೆಬಿ, ಹಳೇ ಸಿಡಿ ಡ್ರೈವಿನ ವೇಗ. ಎತ್ತಿನಗಾಡಿಗಿಂತ ನಮ್ಮ ಬಸ್ಸು ಎಷ್ಟು ಪಟ್ಟು ಜೋರು ಅಂತ ಜಾಹೀರಾತು ಕೊಟ್ಟ ಹಾಗೆ!

ನೋಡಬೇಕಾದದ್ದು ಮೂಲೆಯಲ್ಲಿ ಚಿಕ್ಕದಾಗಿ ಇರುತ್ತೆ. ಇಂಗ್ಲಿಷಿನ ಸಿ ಒಳಗೆ 10, ಯು ಒಳಗೆ 1 ಅಥವಾ 3, ವಿ30, ವಿ60, ವಿ90. ಇವು ಕನಿಷ್ಠ ಇಷ್ಟು ವೇಗದಲ್ಲಿ ಸತತವಾಗಿ ಬರೆಯುತ್ತೇನೆ ಅನ್ನುವ ಮಾತು. ಯು3 ಮತ್ತು ವಿ30 ಎರಡೂ ಸೆಕೆಂಡಿಗೆ 30 ಎಂಬಿ. ಎ1, ಎ2 ಅಂತ ಇದ್ದರೆ ಅದು ಮೊಬೈಲಿನಲ್ಲಿ ಆಪ್ ಓಡಿಸುವವರಿಗೆ, ಕ್ಯಾಮೆರಾದವರು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಇದನ್ನು ಓದಿ ಕೆಲವರು ಕಾಲರ್ ಏರಿಸಿಕೊಂಡು "ನಾನಂತೂ ವಿ90 ತಗೊಂಡಿದ್ದೀನಪ್ಪ" ಅಂತೀರಿ, ಗೊತ್ತು. ಲೆಕ್ಕ ಹಾಕಿ. ನಿಮ್ಮ ಕ್ಯಾಮೆರಾ 4ಕೆ ವಿಡಿಯೋವನ್ನು 100 ಮೆಗಾಬಿಟ್ಟಿನಲ್ಲಿ ಬರೆಯುತ್ತೆ ಅಂದುಕೊಳ್ಳಿ. ಬಿಟ್ಟು ಬೇರೆ, ಬೈಟು ಬೇರೆ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ವಿ30 ಇದಕ್ಕೆ ಧಾರಾಳ. ಗಂಟೆಗೆ 45 ಜಿಬಿ ಆಗುತ್ತೆ, 64ರ ಕಾರ್ಡಿನಲ್ಲಿ ಸುಮಾರು ಒಂದು ಗಂಟೆ ಇಪ್ಪತ್ತೈದು ನಿಮಿಷದ ಆಟ ಹಿಡಿಯಬಹುದು. ಹಾರುವ ಹಕ್ಕಿಯನ್ನು ಪಟಪಟ ಅಂತ ರಾ ಫೈಲಿನಲ್ಲಿ ಹೊಡೆಯುವವರಿಗೆ ಯುಎಚ್‌ಎಸ್ ಎರಡರ ವೇಗ ಉಪಯೋಗಕ್ಕೆ ಬರುತ್ತೆ, ಒಪ್ಪಿದೆ. ಆದರೆ ಆ ಕಾರ್ಡಿನ ಬೆನ್ನಿಗೆ ಎರಡನೇ ಸಾಲು ಪಿನ್ನು ಇರುತ್ತೆ, ಕ್ಯಾಮೆರಾದೊಳಗೂ ಆ ಸಾಲು ಇರಬೇಕು. ಇಲ್ಲದಿದ್ದರೆ ಅದು ಸಾಮಾನ್ಯ ಕಾರ್ಡಿನ ಹಾಗೇ ನಡೆಯುತ್ತೆ, ದುಡ್ಡು ದಂಡ.

ಹಳೇ ಕ್ಯಾಮೆರಾ ಬೀರುವಿನಿಂದ ತೆಗೆದವರಿಗೂ ಒಂದು ಮಾತು. ಎಸ್‌ಡಿ 2 ಜಿಬಿವರೆಗೆ, ಎಸ್‌ಡಿಎಚ್‌ಸಿ 32ರವರೆಗೆ, ಅದಕ್ಕಿಂತ ಮೇಲೆ 2 ಟಿಬಿವರೆಗೆ ಎಸ್‌ಡಿಎಕ್ಸ್‌ಸಿ. ಮೂರೂ ಒಂದೇ ಕಿಂಡಿಗೆ ಕೂರುತ್ತವೆ, ಆದರೆ ಹಳೇ ಕ್ಯಾಮೆರಾ ಹೊಸದನ್ನು ಓದಲ್ಲ. ಎಸ್‌ಡಿಎಚ್‌ಸಿ ಬಂದದ್ದೇ 2006ರಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾಕ್ಕೆ 64 ಜಿಬಿ ತುರುಕಿ "ಕ್ಯಾಮೆರಾ ಕೆಟ್ಟಿದೆ" ಅಂತ ಗುಜರಿಗೆ ಹಾಕಬೇಡಿ.

ನನ್ನ ಕೊನೇ ತಕರಾರು ಈ "ಒಂದೇ ದೊಡ್ಡದು ತಗೊಂಡರೆ ಆಯ್ತಲ್ಲ" ಅನ್ನುವವರ ಮೇಲೆ. 256ರದ್ದೊಂದು ಹಾಕಿಕೊಂಡು ಎರಡು ವರ್ಷ ಖಾಲಿ ಮಾಡದೆ ತಿರುಗುವವರನ್ನು ನೋಡಿದ್ದೇನೆ. ಮಗುವಿನ ನಾಮಕರಣದಿಂದ ಮೊದಲ ಹುಟ್ಟುಹಬ್ಬದವರೆಗೆ ಎಲ್ಲ ಒಂದರಲ್ಲೇ! ಅದು ಕಳೆದರೆ? 64ರದ್ದು ಎರಡು ಮೂರು ಇಟ್ಟುಕೊಳ್ಳಿ. ಕಾರ್ಯಕ್ರಮದ ನಡುವೆ ಬದಲಾಯಿಸಿ, ಮನೆಗೆ ಬಂದ ದಿನವೇ ಕಾಪಿ ಮಾಡಿ, ಎರಡು ಕಡೆ ಕಾಪಿ ಆದಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಬದಲಾಯಿಸುವಾಗಲೇ ಕಾರ್ಡು ಕಳೆಯೋದು ಅನ್ನುವ ವಾದವೂ ಇದೆ, ಸುಳ್ಳಲ್ಲ. ನಾನು ಅಡಿಕೆ ಡಬ್ಬಿಯಂಥದ್ದೊಂದು ಪುಟ್ಟ ಡಬ್ಬಿ ಇಟ್ಟುಕೊಂಡಿದ್ದೇನೆ, ತುಂಬಿದ್ದನ್ನು ಕವುಚಿ ಇಡ್ತೀನಿ.

ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಡ್ರಾಯರಿನಿಂದ ಆ ಎರಡನೇ ಕಾರ್ಡು ತೆಗೆದರು. ಇಷ್ಟು ವರ್ಷ ಪೊಟ್ಟಣವನ್ನೇ ಒಡೆದಿರಲಿಲ್ಲ. "ಇದು ಸರಿ ಇರ್ಬಹುದಲ್ವಾ?" ಅಂದರು. ಲ್ಯಾಪ್‌ಟಾಪಿಗೆ ಹಾಕಿ ಪರೀಕ್ಷೆಗೆ ಬಿಟ್ಟು ಊಟಕ್ಕೆ ಕೂತೆವು. ಬಹಳ ಹೊತ್ತಿನ ಮೇಲೆ ಬಂದು ನೋಡಿದರೆ 14 ಚಿಲ್ಲರೆ ಜಿಬಿ ಸರಿ, ಉಳಿದದ್ದೆಲ್ಲ ನಷ್ಟ ಅಂತ ಇತ್ತು. ಭಾವ ಎರಡು ಸಲ ಓದಿಕೊಂಡರು.

"ಅವತ್ತಿಂದ್ರಲ್ಲಿ ಅಜ್ಜಿ ಇರೋ ಫೋಟೋ ಎಷ್ಟು ಉಳ್ದಿದೆ?" ಅಂದರು.

"ಏಳು. ಮೂರರಲ್ಲಿ ಹೋಮದ ಹೊಗೆ, ಮುಖ ಕಾಣಲ್ಲ."

ಉಳಿದ ನಾಲ್ಕನ್ನು ಅವರ ಕಂಪ್ಯೂಟರಿಗೂ ಹಾಕಿಕೊಟ್ಟು ಬಂದೆ.